ಪೀಪಾಯಿಯಲ್ಲಿ ಕೂತ ಟೀಚರಮ್ಮ



ಡಾಂಬರಿನ ಡ್ರಮ್ಮು ನೋಡಿದ್ದೀರಲ್ಲ? ಅದಕ್ಕಿಂತ ಎತ್ತರದ ಒಂದು ಪೀಪಾಯಿ. ಕಬ್ಬಿಣದ್ದಲ್ಲ, ಮರದ್ದು. ಸುತ್ತ ಕಬ್ಬಿಣದ ಪಟ್ಟಿ. ಅದರೊಳಗೆ ಒಬ್ಬ ಹೆಂಗಸು ಕೂತಳು. ಮೇಲೆ ಮುಚ್ಚಳ ಹಾಕಿಸಿಕೊಂಡಳು. ದೊಡ್ಡ ಜಲಪಾತದ ಮೇಲಿಂದ ಕೆಳಗೆ ಬಿದ್ದಳು. ಬದುಕಿ ಬಂದಳು!

ಇದು ಕಟ್ಟುಕತೆ ಅಲ್ಲ. ನಡೆದದ್ದು. 1901ನೇ ಇಸವಿ, ಅಕ್ಟೋಬರ್ 24ನೇ ತಾರೀಖು. ಜಲಪಾತದ ಹೆಸರು ನಯಾಗರ. ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿದೆ. ಹೆಂಗಸಿನ ಹೆಸರು ಆನಿ ಟೇಲರ್.

ಆ ದಿನ ಅವಳ ಹುಟ್ಟಿದ ದಿನವೂ ಹೌದು. ಹುಟ್ಟಿದ್ದು 1838ರಲ್ಲಿ. ಈಗ ಪೆನ್ಸಿಲ್ ತಗೊಳ್ಳಿ. 1901ರಲ್ಲಿ 1838 ಕಳೆಯಿರಿ. ಎಷ್ಟು ಬಂತು? 63. ಆದರೆ ಆನಿ ಎಲ್ಲರ ಮುಂದೆ ತನಗೆ 40ರ ಮೇಲೆ ಸ್ವಲ್ಪ ಅಂತ ಹೇಳಿಕೊಂಡಿದ್ದಳು. ಮುದುಕಿ ಎಂದರೆ ಯಾರು ಹಾರಲು ಬಿಡುತ್ತಾರೆ ಹೇಳಿ!

ಆನಿ ಹುಟ್ಟಿದ ಊರು ನ್ಯೂಯಾರ್ಕ್ ರಾಜ್ಯದ ಆಬರ್ನ್. ಅಪ್ಪನಿಗೆ ಹಿಟ್ಟಿನ ಗಿರಣಿ ಇತ್ತು. ಆನಿಗೆ 12 ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡ. ಆನಿ ಓದಿದಳು. ಟೀಚರ್ ಟ್ರೈನಿಂಗ್ ಮುಗಿಸಿದಳು. ನಾನೂ ಅದೇ ಓದು ಓದಿದವಳು. ಅದಕ್ಕೇ ಇವಳ ಕತೆ ನನಗೆ ಹಿಡಿಸಿದ್ದು.

ಮದುವೆ ಆಯಿತು. ಒಂದು ಗಂಡು ಮಗು. ಮಗು ಹಸುಗೂಸಾಗಿದ್ದಾಗಲೇ ಹೋಯಿತು. ಆಮೇಲೆ ಗಂಡನೂ ತೀರಿಕೊಂಡ. ಆನಿ ಒಂಟಿಯಾದಳು. ಸುಮ್ಮನೆ ಕೂರಲಿಲ್ಲ. ಊರಿಂದ ಊರಿಗೆ ಹೋದಳು. ಪಾಠ ಹೇಳಿದಳು. ಸಂಗೀತ ಕಲಿಸಿದಳು. ಬೇ ಸಿಟಿ ಎಂಬ ಊರಲ್ಲಿ ಡ್ಯಾನ್ಸ್ ಶಾಲೆ ನಡೆಸಿದಳು. ದುಡಿದಳು, ತಿಂದಳು. ಉಳಿದದ್ದು ಕಡಿಮೆ.

ವಯಸ್ಸಾಯಿತು. ಪಾಠಕ್ಕೆ ಬರುವವರು ಕಡಿಮೆಯಾದರು. ಆ ಕಾಲಕ್ಕೆ ಅಲ್ಲಿ ವಯಸ್ಸಾದ ಎಲ್ಲರಿಗೂ ವೃದ್ಧಾಪ್ಯ ವೇತನ ಕೊಡುವ ಏರ್ಪಾಡು ಇರಲಿಲ್ಲ. ಗತಿ ಇಲ್ಲದ ಮುದುಕರನ್ನು ಬಡವರ ಮನೆಗೆ ಸೇರಿಸುತ್ತಿದ್ದರು. ಅಲ್ಲಿಗೆ ಹೋಗುವುದೆಂದರೆ ಮಾನ ಹೋದ ಹಾಗೆ. ಆನಿಗೆ ಅದೇ ಭಯ. ನೀರಿನ ಭಯಕ್ಕಿಂತ ಈ ಭಯ ದೊಡ್ಡದಾಗಿತ್ತು.

1901ರಲ್ಲಿ ನಯಾಗರದ ಹತ್ತಿರದ ಬಫಲೋ ನಗರದಲ್ಲಿ ಭಾರಿ ವಸ್ತುಪ್ರದರ್ಶನ ನಡೆದಿತ್ತು. ಜನ ಸಾಗರ. ಬಂದವರು ಜಲಪಾತವನ್ನೂ ನೋಡಿ ಹೋಗುತ್ತಿದ್ದರು. ನಯಾಗರದಲ್ಲಿ ಸಾಹಸ ಮಾಡಿದವರು ಮೊದಲೂ ಇದ್ದರು. 1859ರಲ್ಲಿ ಬ್ಲಾಂಡಿನ್ ಎಂಬುವನು ನದಿಯ ಮೇಲೆ ಹಗ್ಗ ಕಟ್ಟಿ ನಡೆದಿದ್ದ. 1876ರಲ್ಲಿ ಮರಿಯಾ ಸ್ಪೆಲ್ಟೆರಿನಿ ಎಂಬ ಹುಡುಗಿ ಕಾಲಿಗೆ ಬುಟ್ಟಿ ಕಟ್ಟಿಕೊಂಡು ಹಗ್ಗದ ಮೇಲೆ ದಾಟಿದ್ದಳು. ಪೀಪಾಯಿಯಲ್ಲಿ ಕೂತು ಜಲಪಾತದಿಂದ ಇಳಿದು ಬದುಕಿದವರು ಮಾತ್ರ ಒಬ್ಬರೂ ಇರಲಿಲ್ಲ. ಅದನ್ನು ನಾನು ಮಾಡುತ್ತೇನೆ, ಹೆಸರು ಬರುತ್ತದೆ, ದುಡ್ಡು ಬರುತ್ತದೆ ಎಂದುಕೊಂಡಳು ಆನಿ.

ಆನಿ ಹುಚ್ಚಿ ಅಲ್ಲ. ಲೆಕ್ಕ ಹಾಕಿ ಇಳಿದವಳು. ಗಟ್ಟಿ ಓಕ್ ಮರದ ಪೀಪಾಯಿ ಮಾಡಿಸಿದಳು. ಎತ್ತರ ಸುಮಾರು ನಾಲ್ಕೂವರೆ ಅಡಿ. ಒಳಗೆ ಸುತ್ತ ಹಾಸಿಗೆಯ ಮೆತ್ತೆ. ಮೈ ಅಲ್ಲಾಡದಂತೆ ಕಟ್ಟಲು ಪಟ್ಟಿ. ತಳದಲ್ಲಿ ಕಮ್ಮಾರರ ಅಡಿಗಲ್ಲು, ಕಬ್ಬಿಣದ್ದು. ಅದು ಯಾಕೆ? ತಳ ಭಾರವಾದರೆ ಪೀಪಾಯಿ ತಲೆಕೆಳಗಾಗದೆ ನೆಟ್ಟಗೆ ನಿಲ್ಲಲಿ ಅಂತ. ಖಾಲಿ ಕೊಡ ನೀರಲ್ಲಿ ಹೊರಳುತ್ತದೆ. ತಳದಲ್ಲಿ ಕಲ್ಲು ಹಾಕಿದರೆ ನೆಟ್ಟಗಾಗುತ್ತದೆ. ಅದೇ ಲೆಕ್ಕ.

ಮೊದಲು ಒಂದು ಬೆಕ್ಕನ್ನು ಪೀಪಾಯಿಯಲ್ಲಿ ಹಾಕಿ ಜಲಪಾತದಿಂದ ಬಿಟ್ಟರು. ಬೆಕ್ಕು ಬದುಕಿತು. ಪಾಪ, ಅದನ್ನು ಯಾರು ಕೇಳಿದ್ದರೋ!

ಆ ದಿನ ದೋಣಿಯಲ್ಲಿ ಪೀಪಾಯಿ ಕೊಂಡು ಹೋದರು. ಸಹಾಯಕ್ಕೆ ಬರಲು ಜನ ಹಿಂಜರಿದಿದ್ದರು. ಹೆಂಗಸು ಸತ್ತರೆ ಪಾಪ ನಮ್ಮ ಮೇಲೆ ಬರುತ್ತದಲ್ಲ ಎಂಬ ಅಂಜಿಕೆ. ಆನಿ ತನ್ನ ಪುಟ್ಟ ದಿಂಬು ಹಿಡಿದು ಒಳಗೆ ಇಳಿದಳು. ಮುಚ್ಚಳ ಬಿಗಿದರು. ಸೈಕಲ್ ಪಂಪಿನಿಂದ ಒಳಗೆ ಗಾಳಿ ತುಂಬಿದರು. ತೂತಿಗೆ ಬಿರಡೆ ಜಡಿದರು. ಹಗ್ಗ ಬಿಚ್ಚಿದರು.

ನಯಾಗರ ನಮ್ಮ ಜೋಗದಷ್ಟು ಎತ್ತರ ಇಲ್ಲ. ಜೋಗ 830 ಅಡಿ. ನಯಾಗರ 160 ಅಡಿಗಿಂತ ಸ್ವಲ್ಪ ಹೆಚ್ಚು. ಆದರೆ ಅಲ್ಲಿ ಇಡೀ ನದಿಯೇ ಒಟ್ಟಿಗೆ ಬೀಳುತ್ತದೆ. ಕೆಳಗೆ ನೀರು ಕುದಿಯುವ ಹಾಗೆ ಕಾಣುತ್ತದೆ. ಪೀಪಾಯಿ ತೇಲಿತು, ಬಂಡೆಗೆ ಬಡಿಯಿತು, ಅಂಚಿಗೆ ಬಂತು, ಬಿತ್ತು. ದಡದಲ್ಲಿ ನಿಂತವರ ಉಸಿರು ನಿಂತಿತು. ಸ್ವಲ್ಪ ಹೊತ್ತಿಗೆ ನೊರೆಯ ನಡುವೆ ಪೀಪಾಯಿ ಮೇಲೆ ಬಂತು. ಕೆನಡಾ ಕಡೆಯ ದಡಕ್ಕೆ ಎಳೆದರು. ಮೇಲ್ಭಾಗ ಗರಗಸದಿಂದ ಕೊಯ್ದು ತೆಗೆದರು.

ಆನಿ ಬದುಕಿದ್ದಳು! ತಲೆಗೆ ಒಂದು ಗಾಯ, ಅಷ್ಟೇ. ಇಂಥ ಕೆಲಸ ಇನ್ಯಾರೂ ಮಾಡಬಾರದು ಅಂತ ಆಮೇಲೆ ಆಕೆಯೇ ಹೇಳಿದಳು.

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಕತೆ ಹೇಳಿದೆ. ಇಲ್ಲಿಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಮಾತ್ರ ತಟ್ಟಲಿಲ್ಲ. "ದುಡ್ಡು ಬಂತಾ ಅವಳಿಗೆ?" ಅಂತ ಕೇಳಿದಳು. ಅಜ್ಜಿ ಕೇಳಿದ್ದೇ ಸರಿಯಾದ ಮಾತು.

ದುಡ್ಡು ಬರಲಿಲ್ಲ. ಭಾಷಣಕ್ಕೆ ಕರೆದರು, ಸ್ವಲ್ಪ ಬಂತು. ಬಹಳ ದಿನ ನಡೆಯಲಿಲ್ಲ. ವ್ಯವಹಾರ ನೋಡಿಕೊಳ್ಳಲು ರಸೆಲ್ ಎಂಬ ಮ್ಯಾನೇಜರ್ ಇದ್ದ. ಅವನು ಪೀಪಾಯಿಯನ್ನೇ ಎತ್ತಿಕೊಂಡು ಓಡಿಹೋದ. ಜನ ನೋಡಲು ಬರುತ್ತಿದ್ದದ್ದು ಆ ಪೀಪಾಯಿಯನ್ನು. ಅದು ಹೋದರೆ ಅನ್ನ ಹೋದಂತೆ. ಹುಡುಕಲು ಆನಿ ಪತ್ತೇದಾರರನ್ನು ಇಟ್ಟಳು. ಇದ್ದ ದುಡ್ಡಿನಲ್ಲಿ ಹೆಚ್ಚು ಪಾಲು ಅವರಿಗೇ ಹೋಯಿತು. ಪೀಪಾಯಿ ಶಿಕಾಗೋದಲ್ಲಿ ಸಿಕ್ಕಿತು. ಮತ್ತೆ ಕಾಣೆಯಾಯಿತು. ಓದು ಬರಹ ಬಲ್ಲವಳಿಗೇ ಹೀಗಾಯಿತು ನೋಡಿ. ಅಕ್ಷರ ಕಲಿತರೆ ಯಾರೂ ಮೋಸ ಮಾಡುವುದಿಲ್ಲ ಅಂತ ನಾವು ಹೇಳುತ್ತೇವೆ. ಅಷ್ಟು ಸುಲಭ ಅಲ್ಲ.

1911ರಲ್ಲಿ ಬಾಬಿ ಲೀಚ್ ಎಂಬ ಗಂಡಸು ಉಕ್ಕಿನ ಪೀಪಾಯಿಯಲ್ಲಿ ಅದೇ ಜಲಪಾತ ಇಳಿದ. ಮಂಡಿಚಿಪ್ಪು ಮುರಿಯಿತು, ದವಡೆ ಮುರಿಯಿತು. 6 ತಿಂಗಳು ಆಸ್ಪತ್ರೆ. ಆಮೇಲೆ ದೇಶ ದೇಶ ತಿರುಗಿ ತನ್ನ ಸಾಹಸ ಹೇಳಿಕೊಂಡು ಸಂಪಾದಿಸಿದ. ಅವನು ಸತ್ತದ್ದು ಹೇಗೆ ಗೊತ್ತಾ? ನ್ಯೂಜಿಲೆಂಡಿನಲ್ಲಿ ಕಿತ್ತಳೆ ಸಿಪ್ಪೆ ತುಳಿದು ಜಾರಿ ಬಿದ್ದ. ಕಾಲು ಕೊಳೆತು 1926ರಲ್ಲಿ ತೀರಿಕೊಂಡ. 1920ರಲ್ಲಿ ಚಾರ್ಲ್ಸ್ ಸ್ಟೀಫನ್ಸ್ ಎಂಬುವನೂ ಇಳಿದಿದ್ದ. ಅವನು ಅಡಿಗಲ್ಲನ್ನು ಕಾಲಿಗೇ ಕಟ್ಟಿಕೊಂಡಿದ್ದ. ಬಿದ್ದ ಏಟಿಗೆ ಅದು ಪೀಪಾಯಿಯ ತಳ ಒಡೆದು ಅವನನ್ನೂ ಎಳೆದುಕೊಂಡು ಹೋಯಿತು. ಸಿಕ್ಕಿದ್ದು ಒಂದು ಕೈ ಮಾತ್ರ. ಈಗ ಅಲ್ಲಿ ಹಾಗೆ ಇಳಿಯುವುದು ಕಾನೂನಿಗೆ ವಿರುದ್ಧ. ದೊಡ್ಡ ದಂಡ ಹಾಕುತ್ತಾರೆ.

ಆನಿ ನಯಾಗರದಲ್ಲೇ ಉಳಿದಳು. ಪ್ರವಾಸಿಗರ ಜೊತೆ ಫೋಟೋಕ್ಕೆ ನಿಂತಳು. ಪುಟ್ಟ ಪುಸ್ತಕ ಬರೆದಳು. ಕಣಿ ಹೇಳಿದಳು. ಏನೇನೋ ಮಾಡಿ ಇನ್ನೂ 20 ವರ್ಷ ಹೊಟ್ಟೆ ಹೊರೆದಳು. 1921ರ ಏಪ್ರಿಲ್ 29ರಂದು ಸತ್ತಾಗ ವಯಸ್ಸು 82. ಸತ್ತದ್ದು ಸರ್ಕಾರದವರು ದಿಕ್ಕಿಲ್ಲದವರನ್ನು ಇಟ್ಟುಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ. ಯಾವುದಕ್ಕೆ ಹೆದರಿ ನೀರಿಗೆ ಇಳಿದಿದ್ದಳೋ ಅಲ್ಲಿಗೇ ಬಂದಿದ್ದಳು.

ಊರಿನ ಜನ ದುಡ್ಡು ಸೇರಿಸಿ ಸಮಾಧಿಗೆ ಕಲ್ಲು ಹಾಕಿಸಿದರು. ಪೀಪಾಯಿಯಲ್ಲಿ ಜಲಪಾತ ಇಳಿದು ಬದುಕಿದವರಲ್ಲಿ ಇವಳೇ ಮೊದಲನೆಯವಳು ಅಂತ ಅದರ ಮೇಲೆ ಕೆತ್ತಿದ್ದಾರೆ. ಕೆಳಗೆ ತಾರೀಖು ಇದೆ: 1901, ಅಕ್ಟೋಬರ್ 24.