ಬ್ಯಾಂಕ್ ಇ-ಹರಾಜು: ಬಿಡ್ ಗೆದ್ದ ಮೇಲಿನ ಹೊಣೆಗಳು

ಮೈಸೂರಿನ ಅಗ್ರಹಾರದಂತಹ ಹಳೆಯ ಬಡಾವಣೆಯ ಮನೆಯೊಂದು ಸಾಲ ತೀರದೆ ಬ್ಯಾಂಕಿನ ಇ-ಹರಾಜಿಗೆ ಬಂದಾಗ, ಆ ಮಾರಾಟ ಸಾಮಾನ್ಯ ಕ್ರಯದಂತೆ ಉಭಯರ ಮಾತುಕತೆಯ ಮೇಲೆ ನಡೆಯುವುದಿಲ್ಲ. ಅಡಮಾನದ ಆಸ್ತಿಯನ್ನು ನ್ಯಾಯಾಲಯದ ಆದೇಶಕ್ಕೆ ಕಾಯದೆ ಮಾರಿ ಸಾಲ ವಸೂಲು ಮಾಡಲು ಬ್ಯಾಂಕುಗಳಿಗೆ ಅಧಿಕಾರ ನೀಡುವ 2002ರ ಸರ್ಫೇಸಿ ಕಾಯ್ದೆ ಹಾಗೂ ಅದರಡಿಯ ನಿಯಮಗಳು ಕೊಳ್ಳುಗರ ಪ್ರತಿ ಹೆಜ್ಜೆಗೂ ಗಡುವು ಹಾಕಿವೆ.

ನಿಯಮ 9ರ ಪ್ರಕಾರ, ಹರಾಜು ಗೆದ್ದವರು ಅದೇ ದಿನ ಅಥವಾ ತಪ್ಪಿದರೆ ಮರು ಕೆಲಸದ ದಿನದೊಳಗೆ, ಮುಂಗಡ ಠೇವಣಿಯೂ ಸೇರಿದಂತೆ ಬಿಡ್ ಮೊತ್ತದ ಶೇ. 25ರಷ್ಟನ್ನು ಕಟ್ಟಬೇಕು, ಉಳಿದ ಶೇ. 75ನ್ನು ಮಾರಾಟ ಸ್ಥಿರೀಕರಣವಾದ, ಅಂದರೆ ಬ್ಯಾಂಕು ಆ ಬಿಡ್ಡನ್ನು ಅಂತಿಮವಾಗಿ ಒಪ್ಪಿದ ದಿನದಿಂದ 15 ದಿನಗಳೊಳಗೆ ಸಲ್ಲಿಸಬೇಕು. ಉದಾಹರಣೆಗೆ, 5.5 ಲಕ್ಷ ರೂಪಾಯಿ ಠೇವಣಿ ಇಟ್ಟು 60 ಲಕ್ಷಕ್ಕೆ ಮನೆ ಗೆದ್ದವರು ಮರುದಿನದೊಳಗೆ ಇನ್ನೂ 9.5 ಲಕ್ಷ, ನಂತರ ಎರಡೇ ವಾರಗಳಲ್ಲಿ 45 ಲಕ್ಷ ಹೊಂದಿಸಬೇಕಾಗುತ್ತದೆ. ಗಡುವು ವಿಸ್ತರಣೆಗೆ ಅವಕಾಶವಿದೆಯಾದರೂ ಅದು ಲಿಖಿತ ಒಪ್ಪಿಗೆಯಾಗಿರಬೇಕು ಮತ್ತು ಒಟ್ಟು ಮೂರು ತಿಂಗಳು ಮೀರುವಂತಿಲ್ಲ. ಶಾಖೆಯಲ್ಲಿ ಯಾರೋ ಬಾಯಿಮಾತಿನಲ್ಲಿ ಕೊಟ್ಟ ಭರವಸೆಗೆ ಇಲ್ಲಿ ಕವಡೆ ಕಿಮ್ಮತ್ತೂ ಇಲ್ಲ.

ಗಡುವು ತಪ್ಪಿದರೆ ಕಟ್ಟಿದ ಠೇವಣಿ ಮುಟ್ಟುಗೋಲಾಗುತ್ತದೆ, ಆಸ್ತಿ ಮತ್ತೆ ಹರಾಜಿಗೆ ಹೋಗುತ್ತದೆ. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಮತ್ತು ಷಣ್ಮುಗವೇಲು ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ಯಾವ ಗೊಂದಲವನ್ನೂ ಉಳಿಸಿಲ್ಲ. ಬೇರೆ ಬ್ಯಾಂಕಿನ ಸಾಲ ಸಿಗದೆ ಬಾಕಿ ಕಟ್ಟಲಾಗದ ಬಿಡ್‌ದಾರರ ಇಡೀ ಶೇ. 25ನ್ನು ಮುಟ್ಟುಗೋಲು ಹಾಕಿಕೊಂಡದ್ದು, ಮರುಹರಾಜಿನಲ್ಲಿ ಬ್ಯಾಂಕಿಗೆ ಹೆಚ್ಚಿನ ಬೆಲೆಯೇ ಬಂದಿದ್ದರೂ, ಸರಿಯೆಂದು ನ್ಯಾಯಾಲಯ ಎತ್ತಿಹಿಡಿಯಿತು. ನಷ್ಟವಾದಷ್ಟಕ್ಕೆ ಮಾತ್ರ ಪರಿಹಾರವೆನ್ನುವ ಕರಾರು ಕಾಯ್ದೆಯ ತತ್ವ ಇಲ್ಲಿ ಅನ್ವಯಿಸದೆಂದಿತು. ತೀರ್ಪು ಕಠಿಣವೆನಿಸಬಹುದು, ಆದರೆ ಗೃಹಸಾಲವನ್ನೇ ನೆಚ್ಚಿದವರು ಮಂಜೂರಾತಿ ಪತ್ರ ಕೈಗೆ ಬಂದ ಮೇಲೆಯೇ ಬಿಡ್ ಕೂಗುವುದು ಲೇಸೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ. 1ರಷ್ಟು ಟಿಡಿಎಸ್ ಮುರಿದು ಸರ್ಕಾರಕ್ಕೆ ಕಟ್ಟುವುದೂ ಕೊಳ್ಳುಗರ ಹೊಣೆಯೇ. ಅದು ಯಾರ ಪ್ಯಾನ್ ಸಂಖ್ಯೆಗೆ ಜಮೆಯಾಗಬೇಕೆಂಬುದನ್ನು ಬ್ಯಾಂಕಿನ ಅಧಿಕೃತ ಅಧಿಕಾರಿಯಿಂದ ಲಿಖಿತವಾಗಿ ಪಡೆಯಬೇಕು. ಪೂರ್ತಿ ಹಣ ಸಂದಾಯವಾದ ಮೇಲೆ ಬ್ಯಾಂಕು ಕೊಡುವ ಮಾರಾಟ ಪ್ರಮಾಣಪತ್ರವೇ ಒಡೆತನದ ದಾಖಲೆಯಾಗಿದ್ದು, ಮುದ್ರಾಂಕ ಶುಲ್ಕ, ನೋಂದಣಿ, ಖಾತೆ ಬದಲಾವಣೆಗಳ ಖರ್ಚು ಬಿಡ್ ಮೊತ್ತದ ಮೇಲೆ ಪ್ರತ್ಯೇಕವಾಗಿ ಬೀಳುತ್ತದೆ.

ಹರಾಜು ಪ್ರಕಟಣೆಗಳಲ್ಲಿ ಕಾಣುವ 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ' ಎಂಬ ಷರತ್ತಿನ ಭಾರ ಅನೇಕರಿಗೆ ತಡವಾಗಿ ತಿಳಿಯುತ್ತದೆ. ಹಿಂದಿನ ಮಾಲೀಕರ ವಿದ್ಯುತ್ ಬಾಕಿಯನ್ನು ಹರಾಜಿನಲ್ಲಿ ಕೊಂಡವರಿಂದ ವಸೂಲು ಮಾಡಲು ಶಾಸನಬದ್ಧ ನಿಯಮಗಳು ಅವಕಾಶ ನೀಡಬಹುದೆಂದು ಸುಪ್ರೀಂ ಕೋರ್ಟ್ 2023ರ ಕೆ.ಸಿ. ನೈನನ್ ಪ್ರಕರಣದಲ್ಲಿ ಹೇಳಿರುವುದರಿಂದ, ಸೆಸ್ಕ್‌ನ ವಿದ್ಯುತ್ ಬಿಲ್ಲು, ವಾಣಿವಿಲಾಸ ನೀರು ಸರಬರಾಜು ವಿಭಾಗದ ನೀರಿನ ಕಂದಾಯ, ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ ಇವುಗಳ ಬಾಕಿಯನ್ನು ಬಿಡ್‌ಗೆ ಮುಂಚೆಯೇ ವಿಚಾರಿಸಬೇಕು. ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಎಂದಿದ್ದರೆ, ಬ್ಯಾಂಕು ನೋಟಿಸು ಅಂಟಿಸಿದೆಯೇ ಹೊರತು ಮನೆ ಇನ್ನೂ ಖಾಲಿಯಾಗಿಲ್ಲ, ಒಳಗೆ ಸಾಲಗಾರರೋ ಬಾಡಿಗೆದಾರರೋ ಇರಬಹುದು ಎಂದರ್ಥ. ಗೋಡೆಗೆ ಗೋಡೆ ತಾಗಿದ ಹಳೆಯ ಮನೆಗಳಲ್ಲಂತೂ ಚೆಕ್ಕುಬಂದಿಯನ್ನು ಸ್ಥಳದಲ್ಲೇ ಅಳೆದು ನೋಡದೆ ಬಿಡ್ ಮಾಡುವುದು ದುಡುಕೇ ಸರಿ.

ಬ್ಯಾಂಕಿನ ತಪ್ಪಿನಿಂದಲೇ ಗಡುವು ಮೀರಿ ಠೇವಣಿ ಮುಟ್ಟುಗೋಲಾಗಿದ್ದರೆ, ಅದನ್ನು ಕೊಳ್ಳುಗರು ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಗರ್‌ವಾಲ್ ಟ್ರಾಕಾಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅರ್ಜಿಗೆ ಇರುವ ಅವಧಿ 45 ದಿನ. ಮೈಸೂರಿನವರು ಅದನ್ನು ಸಲ್ಲಿಸಬೇಕಾದದ್ದು ಬೆಂಗಳೂರಿನ ನ್ಯಾಯಮಂಡಳಿಗೆ.