ಹನಿ ಬಿಡಬ್ಯಾಡ ತಮ್ಮಾ

ತಮ್ಮಾ, ನಿನಗ ಗ್ಲಾಕೋಮಾ ಅದ ಅಂತ ಡಾಕ್ಟರ್ ಹೇಳ್ಯಾರಂತ ಕೇಳ್ದೆ. ಹೆದರಬ್ಯಾಡ. ಆದ್ರ ಒಂದ್ ಮಾತು ಮೊದಲೇ ತಿಳ್ಕೋ: ಇದಕ್ಕ ಕೊಡೋ ಡ್ರಾಪ್ಸ್ ಹಾಕ್ಕೊಂಡ್ರ ಕಣ್ಣು ಮೊದಲಿಗಿಂತ ಛಲೋ ಕಾಣಲ್ಲ. ಪೊರಿ ತೆಗೆಸಿದ್ರ ನೋಟ ತಿರುಗಿ ಬರ್ತದ. ಗ್ಲಾಕೋಮಾದಾಗ ಹೋದ ನೋಟ ಬರಲ್ಲ. ಕಣ್ಣಾಗಿನ ಒತ್ತಡ ಇಳಿಸಿ, ಉಳದದ್ದು ಉಳಿಸೋದೇ ಹನಿ ಕೆಲಸ. ‘ಏನೂ ಫರಕ್ ಕಾಣವಲ್ದು’ ಅಂತ ನಡುವೇ ಬಿಟ್ಟಿ ಅಂದ್ರ ಕೆಟ್ಟಿ.

ಡಾಕ್ಟರ್ ಲಟಾನೊಪ್ರೋಸ್ಟ್ ಹನಿ ಬರದುಕೊಟ್ಟಿದ್ರ ದಿನಕ್ಕ ಒಂದೇ ಸರ್ತಿ, ರಾತ್ರಿ. ಕಣ್ಣಾಗಿನ ನೀರು ಹೊರಗ ಹರಿಯೋ ದಾರಿ ಸಲೀಸ ಮಾಡ್ತದ. ಕಣ್ಣು ಜರಾ ಕೆಂಪಾಗಬಹುದು, ರೆಪ್ಪಿ ಕೂದಲ ಉದ್ದ ಬೆಳಿಬಹುದು. ಟಿಮೊಲಾಲ್ ಆದ್ರ ಆ ನೀರು ಹುಟ್ಟೋದೇ ಕಡಿಮಿ ಮಾಡ್ತದ. ಅಸ್ತಮಾ ಇದ್ದವ್ರಿಗೆ, ನಾಡಿ ನಿಧಾನ ಇದ್ದವ್ರಿಗೆ ಅದು ಆಗಲ್ಲ. ಶಹಾಬಾದದ ಕಲ್ಲಿನ ಖಣ್ಯಾಗ, ವಾಡಿ ಸಿಮೆಂಟ್ ಧೂಳಿನಾಗ ದುಡದು ದಮ್ಮು ಹತ್ತಿದವ್ರು ಡಾಕ್ಟರಿಗೆ ಇದನ್ನ ಮೊದಲೇ ಹೇಳಬೇಕು.

ಕೆಳಗಿನ ರೆಪ್ಪಿ ಜಗ್ಗಿ ಒಂದೇ ಹನಿ ಬಿಡು. ಕಣ್ಣು ಮುಚ್ಚಿ, ಮೂಗಿನ ಬಾಜೂಕಿನ ಮೂಲಿ ಎರಡು ನಿಮಿಷ ಒತ್ತಿ ಹಿಡಿ; ಔಷಧ ಮೂಗಿಗೆ ಇಳದು ರಕ್ತಕ್ಕ ಸೇರೋದು ಕಡಿಮಿ ಆಗ್ತದ. ಎರಡು ಥರದ ಹನಿ ಇದ್ರ ನಡುವ ಐದು ನಿಮಿಷ ತಡಿ. ಸೀಸೆ ಸೀಲ್ ಒಡದ ದಿನ ಅದರ ಮ್ಯಾಲೆ ತಾರೀಖ ಬರಿ, ತಿಂಗಳಾದ್ರ ಒಗಿ. ಬ್ಯಾಸಗ್ಯಾಗ ನಮ್ಮ ಸೇಡಂ, ಚಿತ್ತಾಪುರ ಕಡಿ ಬಿಸಲು 42 ಡಿಗ್ರಿ ದಾಟ್ತದ. ಸೀಸೆ ಕಿಸೆದಾಗ ಇಟ್ಕೊಂಡು ಅಡ್ಡಾಡಬ್ಯಾಡ. ಲಟಾನೊಪ್ರೋಸ್ಟ್ ಆದ್ರ ಒಡೆಯೋ ತನಕ ಫ್ರಿಜ್‌ನಾಗೇ ಇರಲಿ, ಬರಫ ಕಟ್ಟೋ ಜಾಗದಾಗ ಬ್ಯಾಡ.

ಇನ್ನೊಂದು. ಧೂಳು ಬಿದ್ದು ಕಣ್ಣು ಕೆಂಪಾಯ್ತಂತ ಮೆಡಿಕಲ್‌ನಾಗ ಕೇಳಿ ಕಂಡಕಂಡ ಡ್ರಾಪ್ಸ್ ತರಬ್ಯಾಡ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಹನಿ ಕೆಂಪು ಇಳಿಸ್ತದ ಖರೆ, ಒತ್ತಡ ಏರಿಸ್ತದ. ನೀನು ತಿಂಗಳುಗಟ್ಲೆ ಇಳಿಸಿದ್ದು ಅದು ಹಾಳು ಮಾಡ್ತದ.

ಗ್ಲಾಕೋಮಾ ವಂಶದಾಗ ಬರೋ ರೋಗ. 40 ದಾಟಿದ ಅಣ್ಣತಮ್ಮ, ಅಕ್ಕತಂಗೇರನ್ನ ಕಲಬುರಗಿ ಜಿಮ್ಸ್ ದವಾಖಾನಿಗೆ ಕರ್ಕೊಂಡು ಹೋಗಿ ಕಣ್ಣಿನ ಒತ್ತಡ, ನರ ಎರಡೂ ನೋಡಿಸು. ನೋವಿಲ್ಲಂತ ಕಾಯಬ್ಯಾಡ, ಸುಮ್ನೆ ಬಂದು ನೋಟ ತಿನ್ನೋದೇ ಇದರ ಗುಣ. ಹನಿ ಮುಗಿಯೋಕಿಂತ ಮೊದಲೇ ಹೊಸ ಸೀಸೆ ಮನ್ಯಾಗ ಇರಲಿ.