ಒಬ್ಬನೇ ಕೊಳ್ಳುಗನನ್ನು ನಂಬಿದರೆ: ಕೋಕೋ ಕಲಿಸಿದ ಪಾಠ

ಉತ್ಪನ್ನವನ್ನೆಲ್ಲ ಒಬ್ಬನೇ ಕೊಳ್ಳುಗನಿಗೆ ಮಾರುವುದು ಅನುಕೂಲವೇನೋ ಹೌದು. ತೂಕ, ಸಾಗಣೆ, ಹಣ ಎಲ್ಲವೂ ಒಂದೇ ಕಡೆ ಮುಗಿಯುತ್ತವೆ. ಆದರೆ ಆತ ಕೈಬಿಟ್ಟ ದಿನ ಬೇರೆ ದಾರಿ ಉಳಿಯುವುದಿಲ್ಲ. ಈ ಮಾತು ರೈತನಿಗೆ ಹೇಗೋ, ರೈತರು ಕೂಡಿ ಕಟ್ಟಿದ ಉತ್ಪಾದಕರ ಕಂಪನಿಗೂ ಹಾಗೆಯೇ.

ಕೋಕೋ ಬೆಳೆಗಾರರ ಅನುಭವ

1970ರ ದಶಕದಲ್ಲಿ ದಕ್ಷಿಣ ಕನ್ನಡ ಮತ್ತು ಕೇರಳದ ಅಡಿಕೆ, ತೆಂಗಿನ ತೋಟಗಳಲ್ಲಿ ಕೋಕೋ ಮಿಶ್ರಬೆಳೆಯಾಗಿ ಹರಡಿತು. ಬೆಳೆಗಾರರು ಸಾವಿರಾರು ಮಂದಿ. ಕೊಳ್ಳುವವರು ಮಾತ್ರ ಬೆರಳೆಣಿಕೆಯಷ್ಟು. ಜಾಗತಿಕ ಬೆಲೆ ಇಳಿದು, 1980ರ ಸುಮಾರಿಗೆ ಖರೀದಿ ಕುಗ್ಗಿದಾಗ ಬೆಳೆಗಾರರು ಕಂಗಾಲಾದರು.

ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಗಿದ್ದ ಸಹಕಾರ ಸಂಸ್ಥೆ ಕ್ಯಾಂಪ್ಕೊ ಆಗ ಕೋಕೋ ಖರೀದಿಗೂ ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಇದರಿಂದ ಬೆಳೆಗಾರರಿಗೆ ಎರಡನೆಯ ಬಾಗಿಲು ತೆರೆಯಿತು.

ಕೋಕೋದ ಹಸಿ ಬೀಜವನ್ನು ಹಾಗೆಯೇ ಇಟ್ಟುಕೊಳ್ಳಲಾಗದು. ಆದ್ದರಿಂದ ಅದನ್ನು ಮಾರುವವನು ಹೇಳಿದ ಬೆಲೆಗೆ ಒಪ್ಪಲೇಬೇಕಾಗುತ್ತದೆ. ಕಾಯಿ ಒಡೆದ ಬೀಜವನ್ನು 5-6 ದಿನ ಹುದುಗಿಸಿ, ತೇವಾಂಶ ಶೇಕಡಾ 6-7ಕ್ಕೆ ಇಳಿಯುವವರೆಗೆ ಒಣಗಿಸಿದರೆ ಕೆಲವು ತಿಂಗಳು ಕಾಯಬಹುದು. ಸುಮಾರು 3 ಕಿಲೋ ಹಸಿ ಬೀಜಕ್ಕೆ 1 ಕಿಲೋ ಒಣ ಬೀಜ ದೊರೆಯುತ್ತದೆ. ಕಾಯುವ ಶಕ್ತಿ ಇದ್ದವನಿಗೇ ಚೌಕಾಸಿ ಮಾಡುವ ಶಕ್ತಿ.

ನಿಮ್ಮ ಕಂಪನಿಯ ಲೆಕ್ಕ

ಒಂದು ಉದಾಹರಣೆ ನೋಡೋಣ. ಕಂಪನಿಯೊಂದರ ವಾರ್ಷಿಕ ಮಾರಾಟ 20 ಲಕ್ಷ ರೂಪಾಯಿ. ಅದರಲ್ಲಿ 12 ಲಕ್ಷ, ಅಂದರೆ ಶೇಕಡಾ 60, ಒಂದೇ ಗಿರಣಿಗೆ ಹೋಗುತ್ತದೆ. ಗಿರಣಿ ಎರಡು ತಿಂಗಳು ಹಣ ತಡಮಾಡಿದರೆ 2 ಲಕ್ಷ ರೂಪಾಯಿ ಸಿಕ್ಕಿಬೀಳುತ್ತದೆ. ಕಂಪನಿಯ ಕೈಯಲ್ಲಿರುವ ದುಡಿಯುವ ಬಂಡವಾಳ 1.5 ಲಕ್ಷ ಮಾತ್ರವಾಗಿದ್ದರೆ ಸದಸ್ಯರಿಗೆ ಹಣ ಕೊಡುವುದೆಲ್ಲಿಂದ? ಲಾಭವಿದ್ದರೂ ಕಂಪನಿ ನಿಲ್ಲುವುದು ಹೀಗೆ.

ಪೂರೈಕೆಯ ಕಡೆಯೂ ಇದೇ ಅಪಾಯವಿದೆ. ಬೀಜ, ಗೊಬ್ಬರ, ಗೋಣಿಚೀಲಗಳನ್ನು ಒಬ್ಬನೇ ವ್ಯಾಪಾರಿಯಿಂದ ತರಿಸುತ್ತಿದ್ದು, ಬಿತ್ತನೆಯ ಹೊತ್ತಿಗೆ ಆತ ಇಲ್ಲವೆಂದರೆ ಮಳೆ ನಮಗಾಗಿ ಕಾಯುವುದಿಲ್ಲ.

ಕೈಗೊಳ್ಳಬೇಕಾದ ಕ್ರಮಗಳು

1. ಪ್ರತಿ ವರ್ಷ ಮೊದಲ ಮೂವರು ಕೊಳ್ಳುಗರ ಮತ್ತು ಪೂರೈಕೆದಾರರ ಪಾಲನ್ನು ಶೇಕಡಾವಾರು ಬರೆದು ಸಾಮಾನ್ಯ ಸಭೆಯಲ್ಲಿ ಓದಿರಿ.

2. ಒಬ್ಬನ ಪಾಲು ಅರ್ಧವನ್ನು ಮೀರಿದ್ದರೆ ಎರಡನೆಯವನಿಗೆ ಸ್ವಲ್ಪವಾದರೂ ಮಾರುತ್ತಿರಿ. ಬೆಲೆ ಕೊಂಚ ಕಡಿಮೆಯಾದರೂ ಆ ಪರಿಚಯ ಕಷ್ಟಕಾಲಕ್ಕೆ ಒದಗುತ್ತದೆ.

3. ತೂಕ, ಗುಣಮಟ್ಟ, ಹಣ ಪಾವತಿಯ ದಿನ, ಇವನ್ನು ಕರಾರಿನಲ್ಲಿ ಬರೆಸಿರಿ.

4. ಒಣಗಿಸುವ, ದಾಸ್ತಾನು ಮಾಡುವ ಅನುಕೂಲ ಕಲ್ಪಿಸಿಕೊಳ್ಳಿರಿ.

5. ದೊಡ್ಡ ಕೊಳ್ಳುಗನ ಎರಡು ತಿಂಗಳ ಬಾಕಿಯನ್ನು ತಡೆದುಕೊಳ್ಳುವಷ್ಟು ಮೀಸಲು ನಿಧಿ ಬೆಳೆಸಿರಿ.

ದೊಡ್ಡ ಕೊಳ್ಳುಗನನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಆತ ಬಿಟ್ಟರೂ ಕಂಪನಿ ನಿಲ್ಲುವಂತಿರಬೇಕು. ಆ ಸಿದ್ಧತೆಯನ್ನು ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಮಾಡಿಕೊಳ್ಳುವುದು ಲೇಸು.